ಚಪ್ಪಲಿ ಬಿಟ್ಟು ಕಾರು ಹತ್ತುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಕಾರು ಓಡಿಸುತ್ತಾಳೆ ಎಂದರೆ ನೀವು ನಂಬಬೇಕಾಗಿಲ್ಲ. ಮಂಡಿಕಲ್ಲಿನಿಂದ ಶಿಡ್ಲಘಟ್ಟಕ್ಕೆ ಹೋಗುವಾಗ ರಸ್ತೆ ಪಕ್ಕದಲ್ಲಿ ಒಂದು ಜೊತೆ ಹೆಂಗಸರ ಚಪ್ಪಲಿ ಅನಾಥವಾಗಿ ಬಿದ್ದಿದ್ದರೆ ನೋಡಿ. ಚಿಕ್ಕಮ್ಮ ಅಲ್ಲಿ ಕಾರು ಹತ್ತಿದ್ದಾಳೆ ಅಂತ ಅರ್ಥ!

ಅವಳ ತಪ್ಪಲ್ಲ. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳ ಸಾಕಿದವಳು. ಹುಳದ ಮನೆಯೊಳಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವ ಹಾಗಿಲ್ಲ. ಹೊರಗಿನ ಧೂಳಿನ ಜೊತೆ ರೋಗ ಒಳಗೆ ಬಂದರೆ ಇಡೀ ಬೆಳೆ ಮಣ್ಣುಪಾಲು. ಹೀಗಾಗಿ ಬಾಗಿಲು ಅಂತ ಯಾವುದು ಕಂಡರೂ ಅವಳ ಕಾಲು ತಾನಾಗಿಯೇ ಚಪ್ಪಲಿ ಕಳಚುತ್ತದೆ. ಬ್ಯಾಂಕಿನ ಬಾಗಿಲು, ಡಾಕ್ಟರ ಬಾಗಿಲು, ಬಸ್ಸಿನ ಬಾಗಿಲು! ಕಾರಿಗೂ ಬಾಗಿಲಿದೆಯಲ್ಲ?

ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಈ ಡ್ರೈವಿಂಗ್ ಉಸಾಬರಿ ಯಾಕೆ ಬೇಕಿತ್ತು ಅಂತೀರಾ? ಎಲ್ಲ ಚಿಕ್ಕಪ್ಪನ ದೆಸೆಯಿಂದ. ಅವರ ಕಣ್ಣು ಮಂಜಾಗುತ್ತಾ ಬಂದು, ಈಗ ಬೆಳಕು ಯಾವುದು ನೆರಳು ಯಾವುದು ಅನ್ನುವಷ್ಟೇ ಉಳಿದಿದೆ. ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ದಿನವಿಡೀ ಹರಟುತ್ತಿದ್ದ ಮನುಷ್ಯ ಜಗಲಿ ಬಿಟ್ಟು ಇಳಿಯುವುದನ್ನೇ ನಿಲ್ಲಿಸಿದರು. ಚಿಕ್ಕಮ್ಮ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆಂದರೆ ಸಿಡಿಯುತ್ತಿದ್ದರು.

"ಹೆಂಡ್ತಿ ಕೈ ಹಿಡ್ಕೊಂಡು ಬಸ್ ಸ್ಟ್ಯಾಂಡಲ್ಲಿ ನಡೆಯೋದನ್ನ ಮಾರ್ಕೆಟ್ ಜನ ನೋಡ್ಬೇಕಾ? ಅಂಗಳದಲ್ಲಿ ನಿಂತಿರೋ ನನ್ನ ಕಾರನ್ನೂ ಮಾರ್ಬಿಡಣ. ಓಡಿಸೋರಿಲ್ದೆ ತುಕ್ಕು ಹಿಡೀತದೆ."

"ಯಾಕೆ, ನಾನಿಲ್ವಾ?" ಎಂದಳು ಚಿಕ್ಕಮ್ಮ.

ಚಿಕ್ಕಪ್ಪ ಎಷ್ಟೋ ದಿನದ ಮೇಲೆ ನಕ್ಕರು. "ಆಯ್ತು ಕಣೇ. ಯುಗಾದಿಯೊಳಗೆ ಲೈಸೆನ್ಸ್ ತಗೊಂಬಾ. ಇಲ್ದಿದ್ರೆ ಕಾರು ಮಾರಾಟ!"

ಹಾಗೆ ಶುರುವಾಯಿತು ಪಾಠ. ಕಲಿಸಲು ಬಂದವರು ಚಿಕ್ಕಬಳ್ಳಾಪುರದ ಡ್ರೈವಿಂಗ್ ಮೇಷ್ಟ್ರು, ಬಹಳ ಸಾಧು. ಹಿಂದಿನ ಸೀಟಿನಲ್ಲಿ ನಾನು, ದೇವರ ಸ್ಮರಣೆ ಮಾಡುತ್ತಾ. ನೀವು ತಿಳಿದಂತೆ ಅವಳು ವೇಗವಾಗಿ ಓಡಿಸುತ್ತಿದ್ದಳು ಅಂತಲ್ಲ. ಪೊರೆ ಬಿಡಲು ಜ್ವರಕ್ಕೆ ಕೂತ, ಅಲುಗಿಸಬಾರದ ಹುಳುಗಳ ತಟ್ಟೆ ಹೊತ್ತವಳಂತೆ ಓಡಿಸುತ್ತಿದ್ದಳು. ಒಂದು ದಿನ ಸೊಪ್ಪಿನ ಹೊರೆ ಹೊತ್ತ ಅಜ್ಜಿಯೊಬ್ಬಳು ನಮ್ಮನ್ನು ಹಿಂದೆ ಹಾಕಿ ಹೋದಳು. ಹೋಗುವಾಗ ಒಮ್ಮೆ ತಿರುಗಿ ನೋಡಿ, ಕನಿಕರಪಟ್ಟಳು ಬೇರೆ!

ಇನ್ನು ಹಾರ್ನು. ಅದನ್ನು ಮುಟ್ಟಲು ಚಿಕ್ಕಮ್ಮ ಒಪ್ಪಲೇ ಇಲ್ಲ. "ಯಾರ್‍ದೋ ಮನೇಲಿ ಮಗು ಮಲಗಿರ್ತದೆ, ನಾವ್ಯಾಕೆ ಬಡ್ಕೊಬೇಕು?" ಅನ್ನುವುದು ಅವಳ ನ್ಯಾಯ. ಕುರಿಮಂದೆ ಅಡ್ಡ ಬಂದರೆ ಕಾರು ನಿಲ್ಲಿಸಿ, ಗಾಜು ಇಳಿಸಿ, ಕುರಿ ಕಾಯುವವನ ತೆಲುಗಿನಲ್ಲೇ ಕೂಗುತ್ತಿದ್ದಳು: "ಪಕ್ಕಕಿ ಜರಗಪ್ಪಾ!" ಆ ಕೂಗಿಗೆ ಮಲಗಿದ್ದ ಮಗುವೇನು, ಊರೇ ಎದ್ದು ಕೂರುತ್ತಿತ್ತು.

ಅವಳದು ಇನ್ನೊಂದು ಗುಣ ಹೇಳಲೇಬೇಕು. ಕಣ್ಣಿಗೆ ಬಿದ್ದ ತಪ್ಪನ್ನು ಬಾಯಿಬಿಟ್ಟು ಹೇಳದಿದ್ದರೆ ಅವಳಿಗೆ ತಿಂದ ಅನ್ನ ಅರಗುವುದಿಲ್ಲ. ಟೆಸ್ಟಿನ ದಿನ ಪಕ್ಕದಲ್ಲಿ ಬಂದು ಕೂತ ಇನ್‌ಸ್ಪೆಕ್ಟರಿಗೇ, "ಸಾರ್, ಮೊದ್ಲು ಬೆಲ್ಟ್ ಹಾಕ್ಕೊಳಿ. ನಿಮ್ಗೂ ಹೆಂಡ್ತಿ ಮಕ್ಳು ಇರ್ತಾರೆ" ಅಂದುಬಿಟ್ಟಳು! ಪಾಪ, ಅವರು ಬೆಲ್ಟು ಎಳೆದು ಹಾಕಿಕೊಂಡರು.

ಮೈದಾನದಲ್ಲಿ ಕಾರು ಸುತ್ತಿಸಿ ಎಂಟು ಹಾಕುವುದು ಸೊಗಸಾಗಿಯೇ ಶುರುವಾಯಿತು. ಅರ್ಧ ಸುತ್ತಿ ಬರುವಷ್ಟರಲ್ಲಿ ಗಕ್ಕನೆ ಬ್ರೇಕು! ಚಿಕ್ಕಮ್ಮ ಬಾಗಿಲು ತೆಗೆದು ಇಳಿದೇ ಬಿಟ್ಟಳು. ನೋಡಿದರೆ, ಹತ್ತುವಾಗ ಬಿಟ್ಟ ಅವಳ ಚಪ್ಪಲಿಗಳು ಎಂಟರ ನಟ್ಟನಡುವೆ ಕೂತಿವೆ. ಎತ್ತಿ, ಜೋಡಿಸಿ ಪಕ್ಕಕ್ಕಿಟ್ಟು ಬಂದು, "ಈಗ ಹೋಗಣ ಸಾರ್" ಎಂದಳು.

"ಹೋಗೋದು ಮನೆಗೆ ಕಣಮ್ಮ," ಎಂದರು ಇನ್‌ಸ್ಪೆಕ್ಟರು. ಫೇಲು!

ಆ ಸಂಜೆ ನಾನು ಈ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದೆ. ಚಿಕ್ಕಪ್ಪ ನಗಲಿಲ್ಲ. ಚಿಕ್ಕಮ್ಮ ಕೂತಿದ್ದ ಕಡೆಗೆ ಮುಖ ತಿರುಗಿಸಿದರು. ಯುಗಾದಿ ಹತ್ತಿರ ಬರುತ್ತಿತ್ತು. ಅಷ್ಟರೊಳಗೆ ಉಳಿದಿದ್ದು ಇನ್ನೊಂದೇ ಟೆಸ್ಟು.

ಆ ದಿನ ಬೆಳಿಗ್ಗೆ ನಾವು ಹೊರಡುವಷ್ಟರಲ್ಲಿ ಚಿಕ್ಕಪ್ಪ ಒಗೆದ ಪಂಚೆ ಉಟ್ಟು, ಗೋಡೆ ತಡವಿಕೊಂಡು ಬಂದು, ಮೇಷ್ಟ್ರ ಕಾರಿನಲ್ಲಿ ಕೂತುಬಿಟ್ಟಿದ್ದರು. ಯಾಕೆ ಅಂತ ಕೇಳುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ.

ಮೈದಾನದಲ್ಲಿ ಚಿಕ್ಕಮ್ಮನ ಸರದಿ ಬಂತು. ಅಭ್ಯಾಸದಂತೆ ಚಪ್ಪಲಿ ಬಿಟ್ಟು ಕಾರು ಹತ್ತಿದಳು. ಚಿಕ್ಕಪ್ಪ ನನ್ನ ತೋಳು ಹಿಡಿದು, "ಎಲ್ಲಿ ಬಿಟ್ಲು? ತೋರ್‍ಸಪ್ಪ" ಎಂದರು. ಕರೆದುಕೊಂಡು ಹೋದೆ. ಬಗ್ಗಿ, ತಡಕಾಡಿ, ಎರಡನ್ನೂ ಎತ್ತಿಕೊಂಡು ಬಿಸಿಲಿನಲ್ಲಿ ಒಂದು ಪಕ್ಕಕ್ಕೆ ನಿಂತರು.

ಅಲ್ಲಿಗೆ ಮಗನನ್ನು ಟೆಸ್ಟಿಗೆ ಕರೆತಂದಿದ್ದ ಗೂಡಿನ ವ್ಯಾಪಾರಿಯೊಬ್ಬರು ಗುರುತು ಹಿಡಿದು ಹತ್ತಿರ ಬಂದರು. "ಯಜಮಾನ್ರೇ, ಎಷ್ಟು ದಿನ ಆಯ್ತು ನೋಡಿ! ಇದೇನು ಕೈಯಲ್ಲಿ?"

ನಾನು ಚಪ್ಪಲಿ ತೆಗೆದುಕೊಳ್ಳಲು ಕೈ ಚಾಚಿದೆ. ಚಿಕ್ಕಪ್ಪ ಚಪ್ಪಲಿಗಳನ್ನು ಇನ್ನೊಂದಿಷ್ಟು ಮೇಲಕ್ಕೆ ಹಿಡಿದರು.

"ನಮ್ಮ ಮನೆಯವಳದು. ಅಗೋ, ಕಾರು ಓಡಿಸ್ತಾವ್ಳೆ ನೋಡು."

ಎಂಟು ಮುಗಿಯಿತು. "ಪಾಸು ಕಣಮ್ಮ!" ಎಂದು ಇನ್‌ಸ್ಪೆಕ್ಟರು ಅಂದಿದ್ದು ನಮಗೆಲ್ಲ ಕೇಳಿಸಿತು. ಇಂಜಿನ್ ನಿಂತ ಸದ್ದಿನ ಜಾಡು ಹಿಡಿದು ಚಿಕ್ಕಪ್ಪ ನಡೆದರು. ಹಿಡಿಯಲು ಹೋದರೆ "ಬಿಡಪ್ಪ" ಎಂದರು. ಕಾರಿನ ಮೈ ಸವರುತ್ತಾ ಅವಳ ಬಾಗಿಲಿಗೆ ಬಂದು, ಬಗ್ಗಿ, ಚಪ್ಪಲಿಗಳನ್ನು ನೆಲದ ಮೇಲೆ ಜೋಡಿಸಿಟ್ಟರು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

ನಾನು ಕಾದೆ. ಇನ್‌ಸ್ಪೆಕ್ಟರನ್ನೂ ಬಿಡದ ಬಾಯಿ ಅದು! ಚಿಕ್ಕಮ್ಮ ಚಪ್ಪಲಿಗಳನ್ನು ನೋಡಿದಳು, ಬಗ್ಗಿದ್ದ ಗಂಡನ ತಲೆಯನ್ನು ನೋಡಿದಳು, ಒಂದು ಮಾತೂ ಆಡಲಿಲ್ಲ. ಇಟ್ಟ ಹಾಗೇ ಅದಲುಬದಲಾಗಿ ಮೆಟ್ಟಿಕೊಂಡು, ಚಿಕ್ಕಪ್ಪನ ಕೈ ಹಿಡಿದು, ಆ ಮಾರ್ಕೆಟ್ಟಿನ ವ್ಯಾಪಾರಿಯ ಮುಂದೆಯೇ ಕಾಲು ತೊಡರಿಸಿಕೊಂಡು ನಡೆದಳು. ಚಿಕ್ಕಪ್ಪ ಕೈ ಬಿಡಿಸಿಕೊಳ್ಳಲಿಲ್ಲ.