ಖೋ ಖೋ ಬಯಲಿಗೆ ಗರಿಕೆ ಬಂದದ್ದು

ನೀವೊಂದು ಒಳ್ಳೆಯ ಕೆಲಸಕ್ಕೆ ಕೈಹಾಕಿದ್ದು ಊರಿಗೆ ಗೊತ್ತಾಯಿತು ಅನ್ನಿ, ಊರವರು ಸಹಾಯಕ್ಕೆ ಬಂದೇ ಬರುತ್ತಾರೆ. ಆಮೇಲೆ ಆಗುವುದನ್ನೆಲ್ಲ ನಗುತ್ತ ಅನುಭವಿಸಬೇಕು, ಬೇರೆ ದಾರಿಯಿಲ್ಲ. ನಾನು ಚಳ್ಳಕೆರೆ ಪಕ್ಕದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ತವರು ಮೊಳಕಾಲ್ಮೂರು, ಮಗ್ಗದ ಮನೆ. ಸೀರೆಯ ಅಂಚು ಬಿಟ್ಟರೆ ಹಸಿರು ಕಂಡವಳಲ್ಲ. ಅಂಥವಳು ಹುಲ್ಲು ಬೆಳೆಸಲು ಹೊರಟೆ.

ಹೊರಡಿಸಿದ್ದು ನಮ್ಮ ಹುಡುಗಿಯರ ಖೋ ಖೋ ತಂಡ. ನಮ್ಮ ಆಟದ ಬಯಲು ಒಕ್ಕಣೆಯ ಕಣದಷ್ಟು ಗಟ್ಟಿ. ಮಕ್ಕಳು ಡೈವ್ ಹೊಡೆದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತಿತ್ತು. ನಮ್ಮ ಕ್ಯಾಪ್ಟನ್ನಳಂಥ ಆಟಗಾರ್ತಿ ಇಡೀ ತಾಲ್ಲೂಕಿನಲ್ಲಿಲ್ಲ. ಅವಳ ಅವ್ವ ಹೊಲದ ಕೂಲಿಗೆ ಹೋಗುವಾಕೆ. ಪರೀಕ್ಷೆ ಮುಗಿಯುವ ಹೊತ್ತಿಗೆ ಒಂದು ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೇ ಬಿಟ್ಟರು.

"ನೋಡ್ರಿ ಟೀಚರಮ್ಮ, ನಿಮ್ಮೂರ ಹೆಸರಿಗೆ ತಕ್ಕಂಗೆ ನನ್ನ ಮಗಳ ಮೊಣಕಾಲು ಮುರೀಬ್ಯಾಡ್ರಿ. ಇನ್ನೊಂದ್ಸಲ ಗಾಯ ಮಾಡ್ಕಂಡು ಬಂದ್ಲು ಅಂದ್ರೆ ಆಟ ಬಿಡಿಸ್ತೀನಿ."

ನನಗೆ ಮೂಗಿನ ತುದಿಯಲ್ಲೇ ಕೋಪ. ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗಿಯ ಮೊಣಕಾಲು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿದೆ. ಮೊಬೈಲಿನಲ್ಲಿ ಹುಡುಕಿದರೆ ಉಪಾಯವೇನೋ ಸುಲಭವಿತ್ತು: ನೆಲದ ತುಂಬ ಸಣ್ಣ ಸಣ್ಣ ತೂತು ಹಾಕಿ, ಕಳಿತ ಗೊಬ್ಬರಕ್ಕೆ ಮರಳು ಬೆರೆಸಿ ಮೇಲೆ ತೆಳ್ಳಗೆ ಹರಡಿದರೆ, ಇದ್ದ ಚೂರುಪಾರು ಗರಿಕೆಯೇ ಹಬ್ಬಿ ನೆಲ ಮೆತ್ತಗಾಗುತ್ತದಂತೆ.

೧. ನಡೆದು ಬಂದ ಗೊಬ್ಬರ

ಉಳ್ಳಾರ್ತಿ ಕಾವಲಿನ ಕಡೆ ಕುರಿ ಮೇಯಿಸುವ ಯಜಮಾನರೊಬ್ಬರನ್ನು ಹಿಡಿದು, "ನಮ್ಮ ಶಾಲೆಗೆ ಒಂದಿಷ್ಟು ಕುರಿಗೊಬ್ಬರ ಕೊಡಿ" ಎಂದೆ. ವಿಷಯ ಕೇಳಿ ಅವರಿಗೆ ಮಕ್ಕಳ ಮೇಲೆ ಎಲ್ಲಿಲ್ಲದ ಕರುಣೆ ಉಕ್ಕಿತು.

"ಹೊತ್ಕಂಡು ಹೋಗೋದ್ಯಾಕವ್ವ? ಅದೇ ನಡ್ಕಂಡು ಬರ್ತೈತೆ ಬಿಡು."

ನಮ್ಮ ಕಡೆ ಗೊಬ್ಬರ ಬೇಕಾದವರು ಹೊಲದಲ್ಲಿ ಕುರಿಮಂದೆಯನ್ನೇ ರಾತ್ರಿಯಿಡೀ ತರುಬಿಸಿ ನಿಲ್ಲಿಸುತ್ತಾರೆ. ಶಾಲೆಗೂ ಅದೇ ಮರ್ಯಾದೆ ಆಯಿತು. ಬೆಳಿಗ್ಗೆ ನಾನು ಬರುವಾಗ ಬಯಲಿನ ತುಂಬ ಕುರಿ. ರಜೆಯಲ್ಲೂ ಬೀಗ ತೆಗೆಯಲು ಬರುವ ಹೆಡ್‌ಮಾಸ್ಟರು ಗೇಟಿನಲ್ಲೇ ಕಲ್ಲಾಗಿ ನಿಂತಿದ್ದರು. ಗೊಬ್ಬರವೇನೋ ಧಾರಾಳವಾಗಿ ಬಿದ್ದಿತ್ತು. ಆದರೆ ಇದ್ದ ಗರಿಕೆಯ ಒಂದು ಎಸಳೂ ಉಳಿದಿರಲಿಲ್ಲ.

"ಏನ್ರೀ ಯಜಮಾನ್ರೇ, ಇದ್ದ ಹುಲ್ಲೂ ಹೋಯ್ತಲ್ರೀ!" ಎಂದರು ಹೆಡ್‌ಮಾಸ್ಟರು.

"ಎಲ್ಲಿಗೆ ಹೋಗ್ತೈತೆ ಸಾ, ಒಳಗೇ ಐತೆ. ಗೊಬ್ಬರ ಆಗ್ತಾ ಐತೆ, ಸ್ವಲ್ಪ ತಡೀರಿ."

೨. ನೆಲದ ಕಾಯಿಲೆ

ಬಳಿದ ಗೊಬ್ಬರ ತರಗೆಲೆಯ ಜೊತೆ ಗುಂಡಿಯಲ್ಲಿ ಕಳಿಯಲು ಬಿಟ್ಟು, ತೂತಿನ ಚಿಂತೆಗೆ ಬಿದ್ದೆ. ಚಳ್ಳಕೆರೆಯಲ್ಲಿ ವೆಲ್ಡಿಂಗ್ ಅಂಗಡಿಯ ಸಾಬರೊಬ್ಬರಿದ್ದಾರೆ. ಹಳೆಯ ಎಣ್ಣೆ ಡ್ರಮ್ಮಿಗೆ ಸುತ್ತಲೂ ಕಬ್ಬಿಣದ ಮೊಳೆ ಕೂರಿಸಿಕೊಡಿ ಎಂದೆ.

"ಯಾಕ್ರೀ ಟೀಚರ್?"

"ನೆಲಕ್ಕೆ ಉಸಿರಾಡೋಕೆ ಆಗ್ತಿಲ್ಲ."

ಸಾಬರು ಕನ್ನಡಕ ಹಣೆಗೇರಿಸಿ ಬಹಳ ಕಾಳಜಿಯಿಂದ ಕೇಳಿದರು: "ತೌಬಾ! ಯಾವಾಗಿಂದ ಐತ್ರೀ ಈ ದಮ್ಮು?"

೩. ಹೆಡ್‌ಮಾಸ್ಟರ ಸವಾರಿ

ಆದರೆ ಸಾಬರು ಕೆಲಸ ಎಂಥದ್ದು ಮಾಡಿಕೊಟ್ಟರು ಅಂತೀರಿ! ಒಂದು ಮೊಳೆ ವಾರೆಯಿಲ್ಲ. ಡ್ರಮ್ಮಿನ ಮೇಲೆ ಚೌಕಟ್ಟು, ಎಳೆಯಲು ಹಿಡಿಕೆ. ಮೊದಲ ಮಳೆ ಬಿದ್ದ ಮಾರನೆಯ ದಿನ ಸಾಬರೇ ಅದನ್ನು ಲಗೇಜ್ ಆಟೋದಲ್ಲಿ ತಂದರು. ಎಳೆದರೆ ಡ್ರಮ್ಮು ಗಡಗಡ ಉರುಳಿತೇ ಹೊರತು ಮೊಳೆ ಇಳಿಯಲಿಲ್ಲ. ಮೇಲೆ ಭಾರ ಬೇಕು. ಹೊಲದಲ್ಲಿ ಕುಂಟೆಯ ಮೇಲೆ ಆಳು ನಿಲ್ಲುವುದಿಲ್ಲವೇ, ಹಾಗೆ. ಎಲ್ಲರ ಕಣ್ಣೂ ನಿಧಾನವಾಗಿ ಹೆಡ್‌ಮಾಸ್ಟರ ಕಡೆ ತಿರುಗಿತು. ಅವರದು ದೇವರು ಕೊಟ್ಟ ಶರೀರ. ಆದರೂ ಆ ಮನುಷ್ಯ ದೊಡ್ಡವರು. ಚಕಾರ ಎತ್ತದೆ ಚೌಕಟ್ಟಿನ ಹಲಗೆಯ ಮೇಲೆ ಕೂತರು. ಮೊಳೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಬಯಲೆಲ್ಲ ಸಾಲು ಹಿಡಿದು ತೂತು.

"ಮುಗೀತು ಸಾರ್, ಇಳೀರಿ" ಎಂದೆ, ಬೆವರು ಒರೆಸಿಕೊಳ್ಳುತ್ತ.

ಸಾರ್ ಹಲಗೆ ಬಿಟ್ಟು ಏಳಲಿಲ್ಲ. "ಆ ಮೂಲೆ ಉಳಿದಂಗಿದೆಯಲ್ರೀ? ಇನ್ನೊಂದು ಸುತ್ತು ಹಾಕಿ, ಯಾಕೆ ಅನುಮಾನ."

೪. ಖಾಲಿ ಬಿಡಲಾರದ ಕೈ

ಗೊಬ್ಬರ ಹರಡಲು ಮಕ್ಕಳ ತಾಯಂದಿರೇ ಬಂದರು. ಮುಂದಾಳು ಯಾರು ಅಂದುಕೊಂಡಿರಿ? ಆಟ ಬಿಡಿಸುತ್ತೇನೆ ಎಂದ ಆ ಕ್ಯಾಪ್ಟನ್ನಳ ಅವ್ವ. ಶೇಂಗಾ ಬಿತ್ತನೆಯ ಕಾಲ. ಎಲ್ಲರೂ ಹೊಲದಿಂದ ನೇರ ಬಂದಿದ್ದರು. ನಾನು ಚಹಾ ಮಾಡಿಸಿ ತರುವಷ್ಟರಲ್ಲಿ ಗೊಬ್ಬರ ಹಪ್ಪಳ ಹಾಸಿದಂತೆ ತೆಳ್ಳಗೆ, ಸಮನಾಗಿ ಹರಡಿತ್ತು. ಆ ಕೈಗಳಿಗೆ ನಮಸ್ಕಾರ ಮಾಡಬೇಕು ಅನ್ನಿಸಿತು.

ಕೆಲವು ದಿನಕ್ಕೆ ಗರಿಕೆ ಚಿಗುರಿತು. ಜೊತೆಗೇ, ಸಾಲು ಹಿಡಿದು, ಶೇಂಗಾ!

ಆಕೆಯನ್ನು ಕರೆಸಿ ಕೇಳಿದೆ. "ಏನ್ ಮಾಡ್ಲಿ ಟೀಚರಮ್ಮ? ಅಷ್ಟು ಚಂದ ಸಾಲಿಗೆ ತೂತು ಹಾಕೀರಿ, ಹದವಾಗಿ ಮಳೆ ಬಿದ್ದೈತೆ, ಮಡ್ಲಾಗೆ ಬೀಜ ಐತೆ. ಖಾಲಿ ಬಿಡಾಕೆ ಕೈ ಬರಲಿಲ್ಲ."

ನಕ್ಕೂ ನಕ್ಕೂ ಸಾಕಾಯಿತು. ಕೀಳುತ್ತೇವೆ ಎಂದರೆ ಆಕೆಯ ಮುಖ ಬಾಡಿತು. ಕೊನೆಗೆ ರಾಜಿಯಾಯಿತು: ಆಟದ ಅಂಕಣದ ಗೆರೆಯ ಒಳಗಿನದು ಕೀಳುವುದು, ಹೊರಗಿನದು ಆಕೆಗೆ. ಅಂದಿನಿಂದ ಆಕೆ ದಿನಾ ಬಂದು ತನ್ನ ಗಿಡದ ಕಳೆ ತೆಗೆದು, ಪಾಪ, ನಮ್ಮ ಗರಿಕೆಗೂ ನೀರು ಹಾಕುತ್ತಿದ್ದರು. ಗರಿಕೆ ಕಂಬಳಿಯಂತೆ ದಟ್ಟವಾಯಿತು. ಈ ಬಯಲುಸೀಮೆಯಲ್ಲಿ ಅಂಥ ಹಸಿರು ಕಂಡು ನನ್ನ ಕಣ್ಣು ತುಂಬಿ ಬಂತು, ಸುಳ್ಳು ಹೇಳಲಾರೆ.

ತಳಕಿನ ಕಡೆಯ ತಂಡದೊಂದಿಗೆ ಮೊದಲ ಪಂದ್ಯ ಇಟ್ಟೆವು. ಅವ್ವ ಗೆರೆಯ ಪಕ್ಕದಲ್ಲೇ ಕೂತಿದ್ದರು. ಇವತ್ತು ಒಂದು ತರಚು ಗಾಯವಾದರೂ ಹುಡುಗಿಯ ಆಟ ಮುಗಿಯಿತು ಎಂದು ನನ್ನ ಕಣ್ಣು ಅವಳ ಮೊಣಕಾಲಿನ ಮೇಲೇ ಇತ್ತು. ಕೊನೆಯ ಗಳಿಗೆಯಲ್ಲಿ ನಮ್ಮ ಕ್ಯಾಪ್ಟನ್ ಎದುರಾಳಿಯ ಹಿಮ್ಮಡಿಗೆ ಕೈ ಚಾಚಿ ಉದ್ದಕ್ಕೆ ಹಾರಿದಳು. ಮುಟ್ಟಿದಳು! ಮುಟ್ಟಿದವಳು ಹುಲ್ಲಿನ ಮೇಲೆ ಜಾರುತ್ತ ಜಾರುತ್ತ ಗೆರೆ ದಾಟಿ ಹೋಗಿ ಬಿದ್ದಳು.

ಅವ್ವ ಸೆರಗು ಸಿಕ್ಕಿಸಿ ಓಡಿದರು. ನಾನೂ ಹಿಂದೆಯೇ ಓಡಿದೆ. ಆಕೆ ಮಗಳನ್ನು ತೋಳು ಹಿಡಿದು ಪಕ್ಕಕ್ಕೆ ಸರಿಸಿ, ಅವಳ ಕೆಳಗಿಂದ ಬೇರು ಸಮೇತ ಎದ್ದಿದ್ದ ಗಿಡವೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಅಯ್ಯಯ್ಯೋ! ಇನ್ನೂ ಎಳೆಗಾಯಿ ಕಣೇ!"

"ಅವ್ವಾ, ನನ್ನ ಮೊಣಕಾಲಾದ್ರೂ ನೋಡೇ" ಎಂದಳು ಮಗಳು.

"ನಿನ್ನ ಮೊಣಕಾಲಿಗೇನಾಗೈತೆ ದಾಡಿ! ಎದ್ದೋಗಿ ಗೆರೆ ಒಳಗೆ ಆಡು!"