ಹಿಂದಕ್ಕೆ ಬಂದ ತರಗೆಲೆ

ರಾಗಿ ಹೊಲದಲ್ಲಿ ಕಳೆ ಕಿತ್ತು ಬೆಳೆದ ಕೈಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಹುಲ್ಲು ಕಂಡರೆ ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ. ಡೆಂಕಣಿಕೋಟೆಯಲ್ಲಿ ಬಸ್ಸಿಗೆ ಕಾಯುತ್ತಾ ಗೋಡೆಬುಡದ ಹುಲ್ಲನ್ನೆಲ್ಲ ಕಿತ್ತಿದ್ದೇನೆ. ಸಾವಿನ ಮನೆಗೆ ಹೋಗಿ, ಅಳುತ್ತಳುತ್ತಲೇ ಅವರ ಅಂಗಳದ ಅರ್ಧ ಗರಿಕೆ ಕಿತ್ತು ಗುಡ್ಡೆ ಹಾಕಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಇಷ್ಟಾದರೂ ವಿದ್ಯೆ ಇದೆಯಲ್ಲ ಎಂದು ಹೆಮ್ಮೆಯಿತ್ತು. ಆ ವಿದ್ಯೆಯೇ ನನ್ನ ತಮ್ಮನ ಮಾನಕ್ಕೆ ಕುತ್ತು ತಂದಿತು.

ತಮ್ಮ ಮುನಿರಾಜು ಮೇಷ್ಟ್ರು. ಅವನಿಗೆ ಚಿಟ್ಟೆ ಹುಚ್ಚು. ಅದೂ ಬಣ್ಣಬಣ್ಣದ್ದಲ್ಲ, ಕಾಡಂಚಿನ ನೆರಳಲ್ಲಿ, ಸಂಜೆ ಹೊತ್ತು ನೆಲ ಸವರಿಕೊಂಡು ಹಾರುವ, ಕಾಫಿಪುಡಿ ಬಣ್ಣದ ಸಣ್ಣ ಚಿಟ್ಟೆ. ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ರೆಕ್ಕೆಯ ಅಂಚಿನಲ್ಲಿ ಕಣ್ಣಿನಂಥ ಚುಕ್ಕೆಗಳಿರುತ್ತವಂತೆ. ಹಕ್ಕಿ ಅಲ್ಲಿ ಕುಕ್ಕಿದರೆ ರೆಕ್ಕೆಯ ಚೂರು ಹೋಗುತ್ತದೆ, ಜೀವ ಉಳಿಯುತ್ತದೆ. ಮಳೆ ನಿಂತ ಮೇಲೆ ಹುಟ್ಟುವ ಚಿಟ್ಟೆಗಳಿಗೆ ಆ ಕಣ್ಣುಗಳೇ ಇರುವುದಿಲ್ಲ. ರೆಕ್ಕೆ ಮಡಿಸಿ ಕೂತರೆ ಥೇಟ್ ತರಗೆಲೆ. ಇದನ್ನೆಲ್ಲ ಅವನು ಬೀದಿಯಲ್ಲಿ ವಿವರಿಸಿದಾಗ ಪಕ್ಕದ ಮನೆಯ ಚಿನ್ನಮ್ಮ, ರೇಷ್ಮೆಯನ್ನಾದರೂ ಬಿಡುತ್ತದೆಯೇ ಎಂದು ಕೇಳಿ ನಗಿಸಿದ್ದಳು.

ಹೊಸೂರಿನ ಐದು ಮಂದಿ ಚಿಟ್ಟೆ ಪ್ರೇಮಿಗಳಿಗೆ ಇವನು, ಭಾನುವಾರ ಬನ್ನಿ, ಎಲೆಯ ವೇಷದ್ದನ್ನು ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಹಿತ್ತಲಿನ ಕುಂಡದ ಹುಲ್ಲಿನಲ್ಲಿ ಅವನು ಸಾಕಿದ ಹುಳುಗಳು ಮೂರು ಹಸಿರು ಕೋಶಗಳಾಗಿ ನೇತಾಡುತ್ತಿದ್ದವು. ಹುಷಾರಾಗಿ ನೋಡಿಕೋ ಎಂದು ನನಗೇ ಒಪ್ಪಿಸಿದ್ದ. ಗುರುವಾರ ಬೆಳಿಗ್ಗೆ, ತಲೆಯಲ್ಲಿ ಏನೋ ಯೋಚನೆ, ಕೈ ತನ್ನ ಕೆಲಸ ಮಾಡಿತು, ಕುಂಡದ ಹುಲ್ಲು ಕಿತ್ತು ಹಸುವಿನ ಮುಂದೆ ಹಾಕಿತು. ಹಸು ಮೆದ್ದು ಮುಗಿಸಿದ ಮೇಲೆ ಬೋಳು ಕುಂಡ ನನ್ನ ಕಣ್ಣಿಗೆ ಬಿತ್ತು.

ಓತಿಕ್ಯಾತ ತಿಂದುಹಾಕಿತು ಎಂದೆ. ಅವನು ಕುಂಡದೊಳಗೆ ಒಮ್ಮೆ ಬಗ್ಗಿ ನೋಡಿ ಶಾಲೆಗೆ ಹೊರಟ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಆ ಸಂಜೆಯಿಂದ ಹಲಸಿನ ಮರದಡಿ, ಬಿದಿರ ಮೆಳೆಯಡಿ ಅಂಥ ಇನ್ನೊಂದು ಚಿಟ್ಟೆಗಾಗಿ ಬಗ್ಗಿ ಬಗ್ಗಿ ನೋಡಿದೆ. ಎಲ್ಲವೂ ಎಲೆಯೇ. ಶನಿವಾರ ಸೋತು, ಇನ್ನು ಅಂಗಳವನ್ನಾದರೂ ಗುಡಿಸೋಣ ಎಂದು ಪೊರಕೆ ಹಿಡಿದೆ. ತರಗೆಲೆಗಳೆಲ್ಲ ಮುಂದಕ್ಕೆ ಹೋದವು. ಒಂದು ಮಾತ್ರ ಎದ್ದು, ಹಿಂದಕ್ಕೆ ಬಂದು ನನ್ನ ಕಾಲ ಹತ್ತಿರ ಕೂತಿತು. ನಲವತ್ತು ವರ್ಷ ಗುಡಿಸಿದ್ದೇನೆ. ಪೊರಕೆಗೆ ಎದುರಾಡಿದ ಎಲೆಯನ್ನು ಕಂಡಿರಲಿಲ್ಲ. ನಾನು ಗುಡಿಸುವುದನ್ನು ನಿಲ್ಲಿಸಿದೆ. ಗುಡಿಸದ ಅಂಗಳದ ಮುಂದೆ ಭಾನುವಾರ ಸಂಜೆಯ ತನಕ ಕಾವಲು ಕೂತೆ.

ಬಂದವರ ಕೊರಳಲ್ಲಿ ಮೊಳದುದ್ದದ ಕ್ಯಾಮೆರಾಗಳು. ಮುನಿರಾಜು ಬಾಡಿದ ಮುಖದಲ್ಲಿ ಕ್ಷಮೆ ಕೇಳಲು ಹೊರಟಿದ್ದ. ನಾನು ಪೊರಕೆಯನ್ನು ಮೆಲ್ಲಗೆ ಆಡಿಸಿದೆ. ಎಲೆ ಎದ್ದಿತು, ಕೂತಿತು, ನೆರಳು ಬೀಳದಂತೆ ಒಂದು ಪಕ್ಕಕ್ಕೆ ವಾಲಿ ತರಗೆಲೆಗಳ ನಡುವೆ ಮಾಯವಾಯಿತು. ಎಲ್ಲರಿಗಿಂತ ದೊಡ್ಡ ಕ್ಯಾಮೆರಾದವರು "ಎಂಗಮ್ಮಾ?" ಎಂದು, ಎಲ್ಲಿದೆ ಅಂತ ತಮಿಳಿನಲ್ಲಿ ಕೇಳಿ, ಹುಡುಕುತ್ತಾ ಒಂದು ಕಾಲು ಎತ್ತಿದರು.

"ಕಾಲು ಇಳಿಸ್ಬ್ಯಾಡಿ ಸಾರ್. ಅದರ ಮ್ಯಾಲೇ ಇಕ್ತೀರ."

ಅವರು ಕೊಕ್ಕರೆಯ ಹಾಗೆ ನಿಂತೇ ಇದ್ದರು. ಉಳಿದ ನಾಲ್ವರು ನನ್ನ ಪೊರಕೆಯ ತುದಿ ತೋರಿಸಿದ ಕಡೆ ನೆಲಕ್ಕೆ ಮಲಗಿ ಫೋಟೋ ತೆಗೆದರು. ಓದಿದ ಐದು ಮಂದಿ ನನ್ನ ಅಪ್ಪಣೆಗೆ ಕಾದದ್ದು ಅದೇ ಮೊದಲು. ತಮ್ಮನ ಮುಖದಲ್ಲಿ ಹಬ್ಬ. ಬೇಲಿಯಾಚೆ ಚಿನ್ನಮ್ಮ ಬಾಯಿಬಿಟ್ಟುಕೊಂಡು ನಿಂತಿದ್ದಳು.

ಅವರು ಹೋದ ಮೇಲೆ, ಗೆದ್ದ ಧೈರ್ಯದಲ್ಲಿ ಒಪ್ಪಿಕೊಂಡೆ. "ಓತಿಕ್ಯಾತ ಅಲ್ಲ ಕಣ್ಲಾ. ನಾನೇ ಕಿತ್ತು ಹಸೂಗೆ ಹಾಕ್ಬುಟ್ಟೆ."

"ಗೊತ್ತು ಕಣಕ್ಕ," ಎಂದ. "ಓತಿಕ್ಯಾತ ಎಲ್ಲಾದ್ರೂ ಹುಲ್ಲನ್ನೂ ಬೇರು ಸಮೇತ ತಿಂತದಾ?"

ಈಗ ಹೊಸ ಹುಳುಗಳ ಕುಂಡ ನನ್ನ ಕೈಗೆ ಎಟುಕದ ಹಾಗೆ ತಾರಸಿಯ ನೀರಿನ ಟ್ಯಾಂಕಿನ ಮೇಲಿದೆ. ಬಿಸಿಲು ಬೀಳಲಿ ಎಂದು ಇಟ್ಟಿದ್ದಾನಂತೆ. ನೆರಳಿನ ಹುಳುವಿಗೆ ಬಿಸಿಲು ಯಾಕೆ ಎಂದು ನಾನು ಕೇಳಲಿಲ್ಲ. ಬಿಸಿಲಿಗೇ ಇರಬೇಕು ಎಂದು ತಲೆಯಾಡಿಸಿದೆ.