ಮೂರು ಸಲ ಹುಟ್ಟಿದ ಫ್ರೆಂಚ್ ಸಿಪಾಯಿ

ಕೇಳದವರಿಗೂ ಸಲಹೆ ಕೊಡುವುದು ನನ್ನ ಹಳೆಯ ಚಟ. ಚಿಕ್ಕಪೇಟೆಯಲ್ಲಿ ಸೀರೆ ಗಂಟು ಹೊತ್ತು ಶುರುವಾದ ನನ್ನ ವ್ಯಾಪಾರ ಈಗ ಅಮೆರಿಕದ ಸ್ಯಾನ್ ರಮೋನಿನಲ್ಲಿ ದಿನಸಿ ಅಂಗಡಿಯಾಗಿ ನಿಂತಿದೆ. ಈ ದಾರಿಯುದ್ದಕ್ಕೂ ನನಗೆ ಯಾರೂ ಸಲಹೆ ಕೊಡಲಿಲ್ಲವಾದ್ದರಿಂದ ಉಳಿದವರಿಗೆಲ್ಲ ನಾನೇ ಕೊಡಬೇಕೆಂದು ತೀರ್ಮಾನಿಸಿಕೊಂಡಿದ್ದೇನೆ. ಮಾವಿನಹಣ್ಣನ್ನು ಯಾವ ಕಡೆಯಿಂದ ಮೂಸಬೇಕು, ಕಾರು ಕೊಳ್ಳಲು ತಿಂಗಳ ಕೊನೆಯ ದಿನವೇ ಏಕೆ ಹೋಗಬೇಕು, ಹೀಗೆ. ಆದರೆ ಸತ್ತು ನೂರು ವರ್ಷ ಕಳೆದ ಫ್ರೆಂಚ್ ಸಿಪಾಯಿಯೊಬ್ಬನ ವಿಷಯದಲ್ಲೂ ತಲೆ ಹಾಕುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಸಿಪಾಯಿಯ ಹೆಸರು ಆಂತ್ವಾನ್. ನಮ್ಮ ಪಕ್ಕದ ಮನೆಯ ಡೊರೊತಿ ಎಂಬ ಎಂಬತ್ತೊಂದರ ಅಜ್ಜಿಯ ಮುತ್ತಜ್ಜ. ಫ್ರಾನ್ಸಿನಲ್ಲಿ ಹುಟ್ಟಿ, ಅಮೆರಿಕದ ಸೈನ್ಯ ಸೇರಿ, ಕೊನೆಗೆ ನಮ್ಮ ಪಕ್ಕದೂರು ಲಿವರ್‌ಮೋರಿನ ಹಳೆಯ ಸ್ಮಶಾನದಲ್ಲಿ ಮಲಗಿದವನು. ಸಮಾಧಿಗೆ ಒಂದು ಕಲ್ಲೂ ಇಲ್ಲ. ತಾನು ಕಣ್ಣು ಮುಚ್ಚುವ ಮೊದಲು ಅವನ ಹೆಸರು, ಹುಟ್ಟಿದ ವರ್ಷ ಕೆತ್ತಿಸಿ ಕಲ್ಲು ನಿಲ್ಲಿಸಬೇಕೆಂಬುದು ಅಜ್ಜಿಯ ಆಸೆ. ಭಾನುವಾರಕ್ಕೆ ನೆಂಟರನ್ನು ಕರೆದೂ ಆಗಿತ್ತು. ಕಲ್ಲು ಕೆತ್ತುವವನು ನಾಳೆಯೊಳಗೆ ವರ್ಷ ತಿಳಿಸಿ ಎಂದಿದ್ದ. ಆ ವರ್ಷವೇ ಸಿಗುತ್ತಿರಲಿಲ್ಲ.

ಅಜ್ಜಿ ನಮ್ಮ ಅಡಿಗೆಮನೆಯ ಟೇಬಲ್ಲಿನ ಮೇಲೆ ದಾಖಲೆಗಳ ನಕಲು ಹರಡಿದರು. ಸೈನ್ಯ ಸೇರುವಾಗ ಆಸಾಮಿಗೆ ಇಪ್ಪತ್ತೊಂದು. ಹನ್ನೆರಡು ವರ್ಷ ಕಳೆದು ಚರ್ಚಿನಲ್ಲಿ ಮದುವೆಯಾಗುವಾಗ ಇಪ್ಪತ್ತೈದು. ಅದಾಗಿ ಇಪ್ಪತ್ತೆಂಟು ವರ್ಷಕ್ಕೆ, ಪಿಂಚಣಿ ಅರ್ಜಿಯಲ್ಲಿ, ಅರವತ್ತೈದು! ವಂಶಾವಳಿ ಹುಡುಕಿಕೊಡುವ ಪರಿಣತರೊಬ್ಬರು, ಇವರು ಒಂದೇ ಹೆಸರಿನ ಮೂವರು ಬೇರೆ ಬೇರೆ ಜನ ಎಂದು ಕೈ ತೊಳೆದುಕೊಂಡಿದ್ದರಂತೆ.

ಮೂವರೂ ಇಲ್ಲ, ಮಣ್ಣೂ ಇಲ್ಲ, ಒಬ್ಬನೇ ಎಂದೆ. ನಾನು ಓದಿದ ಶಾಲೆಯಲ್ಲಿ ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಒಂದನೇ ಕ್ಲಾಸು. ಹುಟ್ಟಿದ ದಿನವನ್ನು ಹೆಡ್‌ಮಾಸ್ತರೇ ದಯಪಾಲಿಸುತ್ತಿದ್ದರು. ನಮ್ಮ ಕ್ಲಾಸಿನ ಅರ್ಧ ಜನ ಜೂನ್ ಒಂದರಂದೇ ಭೂಮಿಗೆ ಬಂದವರು. ಅಂಥವರ ನಡುವೆ ಬೆಳೆದವನಿಗೆ ಒಬ್ಬನಿಗೆ ಮೂರು ಜನ್ಮವರ್ಷ ಇರುವುದು ಯಾವ ದೊಡ್ಡ ವಿಷಯ?

"ಅತ್ತಲೂ ಬೇಡ, ಇತ್ತಲೂ ಬೇಡ. ಮಧ್ಯದ ಒಂದು ವರ್ಷಕ್ಕೆ ಮುಗಿಸಿಬಿಡಿ," ಎಂದು ಸಲಹೆ ಕೊಟ್ಟೆ.

ಅಜ್ಜಿಯ ಮುಖ ಬಾಡಿತು. "ಅವನ ಕಲ್ಲಿನ ಮೇಲೆ ಸುಳ್ಳು ಬರೆಸಲಾರೆ," ಎಂದರು.

ಪಕ್ಕದಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದ ನನ್ನ ಹೆಂಡತಿ ಸುಧಾ ಕನ್ನಡದಲ್ಲಿ ತಿವಿದಳು: "ರೀ, ಅದು ಸಮಾಧಿ. ಸೋರೆಕಾಯಿ ಚೌಕಾಸಿ ಅಲ್ಲ. ಪಾಪ, ಸರಿಯಾಗಿ ಏನಾದ್ರೂ ಹೇಳಿ, ಇಲ್ಲಾಂದ್ರೆ ಸುಮ್ನಿರಿ."

ಸುಮ್ಮನಿರುವುದು ನನ್ನಿಂದಾಗದ ಕೆಲಸವಾದ್ದರಿಂದ ಸರಿಯಾಗಿಯೇ ಯೋಚಿಸಬೇಕಾಯಿತು. ಅಂಗಡಿಯಲ್ಲಿ ಕುಳಿತು ಕಲಿತ ವಿದ್ಯೆಯೊಂದಿದೆ. ಒಬ್ಬನ ಮಾತು ನಂಬುವ ಮೊದಲು, ಆ ಮಾತಿನಿಂದ ಅವನಿಗೇನು ಗಿಟ್ಟುತ್ತದೆ ಎಂದು ನೋಡಬೇಕು. ಸೈನ್ಯಕ್ಕೆ ದೊಡ್ಡವನಾಗಬೇಕಿತ್ತು, ಆದ. ಹೆಣ್ಣಿನ ಮುಂದೆ ಚಿಕ್ಕವನಾಗಬೇಕಿತ್ತು, ಆದ. ಪಿಂಚಣಿಗೆ ಮುದುಕನಾಗಬೇಕಿತ್ತು, ಅದೂ ಆದ.

"ಡೊರೊತಿ, ವಯಸ್ಸು ಹೇಳಿದ್ದರಿಂದ ಇವನಿಗೆ ಏನೂ ಗಿಟ್ಟದ ಕಾಗದ ಒಂದಾದರೂ ಇದೆಯೇ?"

ಅವರು ಕಂತೆಯ ತಳದಿಂದ ಮಗಳ ಜನನ ದಾಖಲೆ ಎಳೆದರು. ಮದುವೆಯಾದ ಎರಡು ವರ್ಷಕ್ಕೆ ಹುಟ್ಟಿದ ಕೂಸು. ತಂದೆಯ ವಯಸ್ಸು ಮೂವತ್ತೊಂದು! ಮದುವೆ ಮುಗಿದಿದೆ, ಮಗು ಬಂದಿದೆ, ಇನ್ನು ಯಾರ ಮುಂದೆ ನಾಟಕ? ಅಲ್ಲಿಂದ ಹದಿನಾಲ್ಕು ವರ್ಷ ಹಿಂದಕ್ಕೆ ಲೆಕ್ಕ ಹಾಕಿದರೆ, ಸೈನ್ಯ ಸೇರಿದಾಗ ಹುಡುಗನಿಗೆ ಬರೀ ಹದಿನೇಳು.

"ಇನ್ನೂ ಮಗು!" ಎಂದು ಅಜ್ಜಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಮದುವೆಯ ದಾಖಲೆಯಲ್ಲಿ ಹೆಸರಿದ್ದ ಅವನ ಹಳ್ಳಿಯ ಹಳೆಯ ಜನನ ಪುಸ್ತಕ ಇಂಟರ್ನೆಟ್ಟಿನಲ್ಲಿತ್ತು. ಅಜ್ಜಿ ಇದುವರೆಗೆ ಆ ಮೂರು ಸುಳ್ಳು ವರ್ಷಗಳಲ್ಲಿ ಮಾತ್ರ ಹುಡುಕಿದ್ದರಂತೆ. ಹದಿನೇಳರ ಲೆಕ್ಕಕ್ಕೆ ಸರಿಹೊಂದುವ ವರ್ಷ ತೆರೆದೆವು. ನನಗೆ ಫ್ರೆಂಚ್ ಬಾರದು. ಆದರೂ ಬಲ್ಲವನಂತೆ ಹುಬ್ಬು ಗಂಟಿಕ್ಕಿಕೊಂಡು ನೋಡಿದೆ. ಮೂರನೆಯ ಪುಟದಲ್ಲಿ ಆಂತ್ವಾನ್ ಸಿಕ್ಕ. ಮದುವೆಯ ದಾಖಲೆಯಲ್ಲಿದ್ದ ಅದೇ ಅಪ್ಪ, ಅದೇ ಅಮ್ಮ. ಅಜ್ಜಿ ಎದ್ದು ಸುಧಾಳನ್ನು ತಬ್ಬಿಕೊಂಡ ರಭಸಕ್ಕೆ ಬೀನ್ಸೆಲ್ಲ ನೆಲದ ಪಾಲು.

ಭಾನುವಾರ ಕಲ್ಲು ನಿಂತಿತು. ಡೊರೊತಿ ನೆಂಟರ ಮುಂದೆ ನನ್ನನ್ನು ನಿಲ್ಲಿಸಿ, ಏನೂ ಗಿಟ್ಟದ ಕಡೆ ಮಾತ್ರ ಮನುಷ್ಯ ನಿಜವಾದ ವಯಸ್ಸು ಹೇಳುತ್ತಾನಂತೆ ಎಂದು ನನ್ನ ಸೂತ್ರವನ್ನು ಸಾರಿದರು. ಜನ ನಕ್ಕು ಚಪ್ಪಾಳೆ ತಟ್ಟಿದರು. ನಾನು ವಿನಯದಿಂದ ಎದೆಯುಬ್ಬಿಸಿ ನಿಂತಿದ್ದೆ.

ಹಿಂದಿರುಗುವಾಗ ಫ್ರೀವೇ ಹತ್ತಿದ ಮೇಲೆ ಸುಧಾ ಮೆಲ್ಲನೆ ಶುರುಮಾಡಿದಳು. "ರೀ, ನಿಮ್ಮ ಸೂತ್ರ ಚೆನ್ನಾಗಿದೆ. ನಮ್ಮನೆಗೆ ಹೆಣ್ಣು ನೋಡೋಕೆ ಬಂದಾಗ ನಿಮ್ಮ ವಯಸ್ಸು ಇಪ್ಪತ್ತಾರು ಅಂದಿದ್ರಲ್ಲ, ಆಗ ನಿಮಗೇನಾದ್ರೂ ಗಿಟ್ಟೋದಿತ್ತಾ?"

"ನೀನೇ ಗಿಟ್ಟಿದೆಯಲ್ಲ!"

"ಬೆಣ್ಣೆ ಹಚ್ಬೇಡಿ. ನಿಜ ಎಷ್ಟು?"

ದಾಖಲೆ ನೋಡಿ ಹೇಳುತ್ತೇನೆ ಎಂದು, ಮುಂದೆ ಬಂದ ಮೊದಲ ಎಕ್ಸಿಟ್ಟಿನಲ್ಲೇ ಅವಳಿಗೆ ಕಾಫಿ ಕೊಡಿಸಲು ಕಾರು ತಿರುಗಿಸಿದೆ.